ಹಾಸಿಗೆ ಹಿಡಿದವಳ ಹಾಜರಿ

ನಾನು ಮೂವತ್ತೊಂದು ವರ್ಷ ಬೆಳಗಾವಿಯ ಆಸ್ಪತ್ರೆಗಳಲ್ಲಿ ನರ್ಸಾಗಿ ದುಡಿದವಳು. ನಿಂಗವ್ವ ಸಿಸ್ಟರ್ ಬಂದಳೆಂದರೆ ವಾರ್ಡಿನಲ್ಲಿ ಗದ್ದಲ ನಿಲ್ಲುತ್ತಿತ್ತು, ಯಾಕಂದರೆ ಅಲ್ಲಿದ್ದವರೆಲ್ಲರಿಗಿಂತ ದೊಡ್ಡ ಗಂಟಲು ನನ್ನದೇ. ನಿವೃತ್ತಳಾದ ಮೇಲೆ ಅದೇ ಊರಿನ ಹಿಂದವಾಡಿಯಲ್ಲಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಮಿಳಾಳಿಗೆ ಅನ್ಯಾಯ ಮಾಡಿದವರನ್ನು ಸಾಲಾಗಿ ನಿಲ್ಲಿಸಿದರೆ ಆ ಸಾಲಿನಲ್ಲಿ ನಾನೂ ನಿಲ್ಲಬೇಕಾಗುತ್ತದೆ, ಅದೂ ಹಿಂದೆಲ್ಲೋ ಅಲ್ಲ.

ಪ್ರಮಿಳಾ ನನ್ನ ತಮ್ಮ ಬಂಡೆಪ್ಪನ ಹೆಂಡತಿ. ಅವನು ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಅಚ್ಚು ಹಾಕುವವನು. ಮನೆ ಖಾನಾಪುರದಲ್ಲಿ, ದಿನಾ ಬಸ್ಸಿಗೆ ಹೋಗಿ ಬರುತ್ತಾನೆ. ಅವಳ ತವರು ಕಣಕುಂಬಿ. ಕಾಡಿನ ದಾರಿಯಲ್ಲಿ ಶಾಲೆಗೆ ನಡೆದು ಬೆಳೆದ ಹುಡುಗಿ. ಮದುವೆಯಾದ ಎರಡನೇ ವರ್ಷಕ್ಕೆ ಖಾನಾಪುರದ ಆಚೆಯ ನಾಲ್ಕು ಹಳ್ಳಿಗಳಿಗೆ ಟಪಾಲು ಹಂಚುವ ಕೆಲಸ ಸಿಕ್ಕಿತು. ಸೈಕಲ್ಲು ಹೋಗುವಲ್ಲಿಗೆ ಸೈಕಲ್ಲು, ಹೋಗದಲ್ಲಿಗೆ ಕಾಲು. ಒಂದು ಮನೆಯ ಕಟ್ಟೆಯ ಮೇಲೆ ಮರಾಠಿಯಲ್ಲಿ ಶುರುಮಾಡಿದ ಸುದ್ದಿಯನ್ನು ಮುಂದಿನ ಮನೆಯಲ್ಲಿ ಕನ್ನಡದಲ್ಲಿ ಮುಗಿಸುತ್ತಿದ್ದಳು. ಓದಲು ಬಾರದವರಿಗೆ ಕಾಗದ ಓದಿ ಹೇಳುತ್ತಿದ್ದಳು. ಕೆಟ್ಟ ಸುದ್ದಿಯಿದ್ದರೆ ಮೊದಲು ನೀರು ಕುಡಿಸಿ, ಆಮೇಲೆ ಓದುತ್ತಿದ್ದಳು. ನಾನು ಖಾನಾಪುರಕ್ಕೆ ಹೋದರೆ ಎದುರಿಗೆ ಕೂತು ಎರಡು ತಾಸು ಬಿಡದೆ ಮಾತಾಡುವಳು. ನಾಲ್ಕು ಊರಿನ ಬಸುರಿ, ಬಾಣಂತಿ, ಜಗಳ, ಕಳೆದ ಎಮ್ಮೆ, ಎಲ್ಲ ಅವಳ ಬಾಯಲ್ಲಿ.

"ನಿನ್ನ ಬಾಯಿಗೊಂದು ಬ್ರೇಕ್ ಹಾಕಿಸಬೇಕ ನೋಡವಾ" ಎಂದು ನಾನೇ ಎಷ್ಟೋ ಸಲ ಅಂದಿದ್ದೇನೆ. ನಕ್ಕು ಮತ್ತೆ ಮುಂದುವರಿಸುತ್ತಿದ್ದಳು. ಆ ಮಾತು ನೆನಪಾದರೆ ಈಗ ನನಗೆ ನನ್ನ ಮೇಲೇ ಹೇಸಿಗೆ ಬರುತ್ತದೆ.

೨೦೨೧ರ ಬೇಸಿಗೆಯಲ್ಲಿ ಮನೆಮಂದಿಗೆಲ್ಲ ಜ್ವರ ಬಂತು. ಬಂಡೆಪ್ಪ ಎದ್ದ, ಮಗಳು ಸಾಕ್ಷಿ ಎದ್ದಳು. ಪ್ರಮಿಳಾಳೂ ಎದ್ದಂತೆ ಕಂಡಳು, ಹದಿನೈದನೇ ದಿನಕ್ಕೆ ಟಪಾಲು ಚೀಲ ಹೆಗಲಿಗೇರಿಸಿದಳು. ಸಂಜೆ ಬಂದವಳು ಚಪ್ಪಲಿ ಬಿಚ್ಚಲಾಗದೆ ಹೊಸ್ತಿಲ ಮೇಲೆ ಕೂತುಬಿಟ್ಟಳು. ಎರಡು ದಿನ ಮಲಗಿ ಮತ್ತೆ ಹೋದಳು, ಬಂದು ನಾಲ್ಕು ದಿನ ಮಲಗಿದಳು. ಮತ್ತೆ ಹೋದಳು, ಎಂಟು ದಿನ. ಹೀಗೆ ಏಳುವ ದಿನ ಕಡಿಮೆಯಾಗುತ್ತ, ಮಲಗುವ ದಿನ ಹೆಚ್ಚಾಗುತ್ತ ದೀಪಾವಳಿಯ ಹೊತ್ತಿಗೆ ಸೈಕಲ್ಲು ಗೋಡೆಗೆ ಒರಗಿತು.

ರಕ್ತ, ಥೈರಾಯ್ಡು, ಎದೆಯ ಫೋಟೊ, ತಲೆಯ ಸ್ಕ್ಯಾನು, ಎಲ್ಲ ಆಯಿತು. ಎಲ್ಲವೂ ನಾರ್ಮಲ್. ನಮ್ಮ ಆಸ್ಪತ್ರೆಗಳಲ್ಲಿ ನಾರ್ಮಲ್ ಎಂಬ ಪದ ಬಂತೆಂದರೆ ಡಾಕ್ಟರ ಕೈ ಮುಂದಿನ ರೋಗಿಯ ಫೈಲಿಗೆ ಹೋಗಿರುತ್ತದೆ. ನಾನು ಗುರುತಿನವರನ್ನು ಹಿಡಿದು, ವಶೀಲಿ ಹಚ್ಚಿ, ಬೆಳಗಾವಿಯ ಹೆಸರಾಂತ ಡಾಕ್ಟರೊಬ್ಬರಿಗೆ ತೋರಿಸಿದೆ. ಅವರು ರಿಪೋರ್ಟು ತಿರುವಿ ಹಾಕಿ, ಪ್ರಮಿಳಾಳ ಮುಖ ನೋಡದೆ, ನನಗೆ ಹೇಳಿದರು: "ಏನೂ ಇಲ್ಲ ಸಿಸ್ಟರ್. ಮಲಗಿ ಮಲಗಿ ಮೈ ಜಡ್ಡಾಗೈತಿ. ದಿನಾ ನಡಸ್ರಿ. ಐದೈದು ನಿಮಿಷ ಹೆಚ್ಚು ಮಾಡಿಕೋತ ಹೋಗ್ರಿ."

ಡಾಕ್ಟರು ಹೇಳಿದ್ದನ್ನು ಮಾಡಿಸುವುದೇ ನನ್ನ ಜೀವಮಾನದ ಕೆಲಸವಾಗಿತ್ತು. ಗಂಟು ಕಟ್ಟಿಕೊಂಡು ಖಾನಾಪುರಕ್ಕೆ ಹೋಗಿ ಕೂತೆ. ದಿನಾ ಬೆಳಿಗ್ಗೆ ಅವಳನ್ನು ಮಾಳಿಗೆ ಹತ್ತಿಸಿ, ನೀರಿನ ಟ್ಯಾಂಕಿನಿಂದ ಬಟ್ಟೆ ಒಣಗಿಸುವ ತಂತಿಯವರೆಗೆ ಹೋಗು ಬಾ ಮಾಡಿಸಿದೆ. ಕೈಯಲ್ಲಿ ಗಡಿಯಾರ ಹಿಡಿದಿದ್ದೆ. "ಅಕ್ಕಾರ, ನಡದ್ರ ಮೈಯೆಲ್ಲಾ ಉರೀತೈತ್ರಿ, ಮರುದಿನ ತಲಿ ಎತ್ತಾಕ ಆಗಂಗಿಲ್ಲ" ಎಂದು ಅವಳು ಅಂದರೆ, "ಎಲ್ಲಾರೂ ಮೊದಲ ಹಂಗ ಅಂತಾರ, ನಡಿ" ಎನ್ನುತ್ತಿದ್ದೆ. ಹನ್ನೊಂದನೇ ದಿನ ಅವಳು ಟ್ಯಾಂಕಿನ ಬಾಜು ಕುಸಿದು ಕೂತಳು.

"ನಾಟಕ ಸಾಕು, ಏಳು" ಅಂದೆ.

ಅವಳು ಏಳಲಿಲ್ಲ. ಬಂಡೆಪ್ಪ ಎತ್ತಿಕೊಂಡು ಇಳಿಸಿದ. ಆ ಮೇಲೆ ಪ್ರಮಿಳಾ ತನ್ನಷ್ಟಕ್ಕೆ ತಾನು ಮೆಟ್ಟಿಲು ಹತ್ತಿದ್ದೇ ಇಲ್ಲ. ಆ ಡಾಕ್ಟರಿಗೆ ಇದನ್ನು ಹೇಳಲು ಹೋದಾಗ ಅವರು ಮನೋರೋಗದ ಡಾಕ್ಟರಿಗೆ ಚೀಟಿ ಬರೆದರು. ಅಲ್ಲಿಗೆ ಹೋಗಿ ಬಂದ ಮೇಲೆ ಅಡಿಗೆಮನೆಯಲ್ಲಿ ನಿಲ್ಲುವುದು ಹೋಯಿತು. ಅವರು ಕೊಟ್ಟ ಗುಳಿಗೆಗೆ ತಲೆ ತಿರುಗಿ, ಗುಳಿಗೆ ಬದಲಿಸಲು ಮತ್ತೊಮ್ಮೆ ಕರೆಸಿದರು. ಆ ಸಲ ಬಂದವಳಿಗೆ ಬೆಳಕು ಆಗದಾಯಿತು. ಕಿಟಕಿಗೆ ಕಂಬಳಿ ಕಟ್ಟಿದೆವು. ಆಸ್ಪತ್ರೆಗೆ ಹೋದಾಗಲೆಲ್ಲ ಅವಳು ಮೈಯಲ್ಲಿದ್ದ ಏನಾದರೂ ಒಂದನ್ನು ಅಲ್ಲೇ ಬಿಟ್ಟು ಬರುತ್ತಿದ್ದಳು. ಮೂರು ವರ್ಷದಲ್ಲಿ ನಾನು ಇದನ್ನು ಗಮನಿಸಲೇ ಇಲ್ಲವೆಂದರೆ ಸುಳ್ಳಾಗುತ್ತದೆ. ಗಮನಿಸಿದ್ದೆ, ಒಪ್ಪಲಿಲ್ಲ.

ಒಪ್ಪಿಸಿದವಳು ಡಾಕ್ಟರ್ ಸೃಷ್ಟಿ. ಖಾನಾಪುರದಲ್ಲಿ ಸಣ್ಣದೊಂದು ದವಾಖಾನೆ ಇಟ್ಟ ಹುಡುಗಿ, ನನ್ನ ಕಣ್ಣಿಗೆ ನಿನ್ನೆ ಮೊನ್ನೆ ಕಾಲೇಜು ಬಿಟ್ಟವಳು. ಬಂಡೆಪ್ಪ ಕೇಳಿಕೊಂಡಾಗ ಮನೆಗೇ ಬಂದಳು. ಚಪ್ಪಲಿ ಹೊರಗೆ ಬಿಟ್ಟು, ಕತ್ತಲೆ ಕೋಣೆಯಲ್ಲಿ ನೆಲದ ಮೇಲೆ ಕೂತು, ಮುಕ್ಕಾಲು ತಾಸು ಕೇಳಿದಳು. ಮೂರು ವರ್ಷದಲ್ಲಿ ಪ್ರಮಿಳಾಳ ಮಾತನ್ನು ಪೂರ್ತಿ ಕೇಳಿದ ಮೊದಲ ಡಾಕ್ಟರ್ ಅವಳೇ.

"ಇದು ಸೋಮಾರಿತನ ಅಲ್ರಿ, ಮನಸಿನ ರೋಗಾನೂ ಅಲ್ಲ" ಎಂದು ಹೊರಗೆ ಬಂದು ಹೇಳಿದಳು. "ಕ್ರಾನಿಕ್ ಫಟೀಗ್ ಅಂತಾರ. ಹೆಸರು ಕೇಳಿದ್ರ ಬರೇ ದಣಿವು ಅನಸ್ತೈತಿ, ಅದಕ್ಕ ಯಾರೂ ಕಿಮ್ಮತ್ತು ಕೊಡಂಗಿಲ್ಲ. ಇವರಿಗೆ ಭಾಳ ಜೋರಾಗಿ ಐತಿ. ಖರ್ಚಾದ ಶಕ್ತಿ ತಿರುಗಿ ತುಂಬಂಗಿಲ್ರಿ. ಗುಣ ಮಾಡೂ ಔಷಧ ಯಾರ ಹತ್ರಾನೂ ಇಲ್ಲ. ಆದ್ರ ಇದ್ದದ್ದನ್ನ ಕೆಡಸದಂಗ ನೋಡ್ಕೊಬಹುದು. ಒತ್ತಾಯ ಮಾಡಿ ನಡಸಿದ್ರ ಮಾತ್ರ ಕೆಟ್ಟು ಹೋಗ್ತೈತಿ. ಯಾರರ ನಡಸಿದ್ರೇನ್ರಿ?"

ಬಂಡೆಪ್ಪ ನನ್ನ ಮುಖ ನೋಡಿದ. ನಾನು ಗೋಡೆಗೆ ಒರಗಿದ್ದ ಸೈಕಲ್ಲು ನೋಡಿದೆ.

ಆ ಹೊತ್ತಿಗೆ ಪ್ರಮಿಳಾಳಿಗೆ ಉಳಿದಿದ್ದು ಒಂದೇ, ಮಾತು. ಅದೂ ದಿನಕ್ಕೆ ಕಾಲು ತಾಸು. ದಿನವಿಡೀ ಕಣ್ಣು ಮುಚ್ಚಿ ಮಲಗಿ ಅದನ್ನು ಕೂಡಿಸಿಟ್ಟುಕೊಳ್ಳುತ್ತಿದ್ದಳು. ಸಂಜೆ ಸಾಕ್ಷಿ ಸಾಲಿಯಿಂದ ಬಂದು ಕೈಕಾಲು ತೊಳೆದು ಹಾಸಿಗೆಯ ಬದಿಗೆ ಕೂತರೆ ಅದನ್ನು ಮಗಳಿಗೆ ಕೊಡುವಳು. ತಗ್ಗಿದ ದನಿಯಲ್ಲಿ ಆ ನಾಲ್ಕು ಹಳ್ಳಿಗಳ ಸುದ್ದಿ: ಯಾವ ಮನೆಯ ನಾಯಿ ಟಪಾಲು ಚೀಲ ಕಂಡರೆ ಬೊಗಳುತ್ತಿತ್ತು, ಯಾವ ಅಜ್ಜಿ ಬಾರದ ಕಾಗದಕ್ಕೆ ದಿನಾ ಕಾಯುತ್ತಿದ್ದಳು. ಹನ್ನೆರಡು ವರ್ಷದ ಆ ಹುಡುಗಿ ಕೋಣೆಯಿಂದ ಹೊರಗೆ ಬರುವಾಗ ಅವಳ ಮುಖ ನೋಡಬೇಕಿತ್ತು. ಆ ಕಾಲು ತಾಸಿಗೆ ಯಾರೂ ಅಡ್ಡಬರಬಾರದು ಎಂದು ಮನೆಯಲ್ಲಿ ಕಟ್ಟುನಿಟ್ಟಾಗಿತ್ತು. ಕುಕ್ಕರ್ ಕೂಡ ಇಡುತ್ತಿರಲಿಲ್ಲ.

ಸೃಷ್ಟಿ ಹೇಳಿದ ಇನ್ನೊಂದು ವಿಷಯವಿತ್ತು. ಬೆಳಗಾವಿಯ ದೊಡ್ಡ ಆಸ್ಪತ್ರೆಯೊಂದು, ಹೆಸರು ಬೇಡ, ಹಾಸಿಗೆ ಹಿಡಿದವರ ಮನೆಗೆ ಗಾಡಿ ಕಳಿಸುತ್ತದೆ. ತಿಂಗಳಿಗೊಮ್ಮೆ ಡಾಕ್ಟರು, ವಾರಕ್ಕೊಮ್ಮೆ ನರ್ಸು. ರಕ್ತ ತೆಗೆಯುವುದು, ಸಲೈನ್ ಹಚ್ಚುವುದು, ಎಲ್ಲ ಮನೆಯಲ್ಲೇ. ಅದೊಂದು ಆದರೆ ಪ್ರಮಿಳಾ ಇನ್ನು ಊರು ದಾಟಬೇಕಿಲ್ಲ, ಅವಳ ಮಾತು ಉಳಿಯುತ್ತದೆ. ಆದರೆ ಆ ಪಟ್ಟಿಗೆ ಹೆಸರು ಹತ್ತಬೇಕಾದರೆ ಆ ಆಸ್ಪತ್ರೆಯ ದೊಡ್ಡ ಡಾಕ್ಟರೇ ನೋಡಿ ರುಜು ಮಾಡಬೇಕು. ಸೃಷ್ಟಿಯ ಕಾಗದ ನಡೆಯುವುದಿಲ್ಲ.

ನಾನು ಫೋನು ಹಚ್ಚಿದೆ. ಆ ಕಡೆಯ ಹುಡುಗಿ ಹೇಳಿದಳು: "ಪೇಷಂಟ್ ಓಪಿಡಿಗೆ ಬರಬೇಕ್ರಿ."

"ಏಳಾಕ ಆಗಂಗಿಲ್ಲ ಅಂತ ಬರಸಾಕ ಬರೂದೈತಿ ತಂಗಿ. ಎದ್ದು ಹೆಂಗ ಬರಬೇಕು?"

"ಏಳಾಕ ಆಗ್ತೈತೋ ಇಲ್ಲೋ ಅದನ್ನ ಡಾಕ್ಟರ್ ನೋಡಿ ಹೇಳಬೇಕಲ್ರೀ."

"ಡಾಕ್ಟರ್ನ ಕಳಸ್ರಿ."

"ಲಿಸ್ಟಿನ್ಯಾಗ ಹೆಸರಿಲ್ಲಾರ ಮನಿಗೆ ಹೆಂಗ ಕಳಸೂದ್ರೀ?"

ಮೂರು ಸಲ ಕೇಳಿದೆ, ಮೂರು ಸಲವೂ ಸುತ್ತು ಹಾಕಿ ಅಲ್ಲಿಗೇ ಬಂತು. ಆ ಹುಡುಗಿಗೆ ನಗುವೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ನಾನೂ ಕೌಂಟರಿನ ಆ ಕಡೆ ಕೂತಿದ್ದಾಗ ಹೀಗೇ ಇದ್ದೆ.

ಒಂದು ಸಲ, ಕೊನೆಯ ಸಲ ಎಂದು ನಿಶ್ಚಯಿಸಿದೆವು. ಹದಿನೈದು ದಿನ ಅವಳಿಗೆ ಪೂರ್ತಿ ವಿಶ್ರಾಂತಿ ಕೊಡಿಸಿದೆವು. ಸಾಕ್ಷಿ ತನ್ನ ಕಾಲು ತಾಸನ್ನು ತಾನಾಗಿಯೇ ಬಿಟ್ಟಳು, "ಅವ್ವಗ ಡಾಕ್ಟರ್ ಮುಂದ ಮಾತಾಡಾಕ ಬೇಕಾಗ್ತದ" ಎಂದು. ಹಾಸಿಗೆ ಹಾಕಿದ ಓಮ್ನಿ ಗಾಡಿ ಗೊತ್ತುಮಾಡಿದೆವು.

ಇನ್ನು ನಾನು ಮಾಡಿದ್ದನ್ನು ಹೇಳುತ್ತೇನೆ. ನಮ್ಮ ಕಡೆ ಆಸ್ಪತ್ರೆಗೆ ಹೋಗುವುದೆಂದರೆ ಮೈತೊಳೆದುಕೊಂಡು, ಇದ್ದುದರಲ್ಲಿ ಒಳ್ಳೆಯದನ್ನು ಉಟ್ಟು ಹೋಗುವುದು. ದೊಡ್ಡವರ ಎದುರು ಮುದುಡಿದ ಸೀರೆಯಲ್ಲಿ ನಿಂತರೆ ಮನೆತನಕ್ಕೇ ಕುಂದು. ಅದಕ್ಕಿಂತ ಹೆಚ್ಚಾಗಿ ನನಗೆ ಒಳಗಿನದು ಗೊತ್ತಿತ್ತು. ಕೊಳಕು ಬಟ್ಟೆಯಲ್ಲಿ, ಎಣ್ಣೆಯಿಲ್ಲದ ತಲೆಯಲ್ಲಿ ಬಂದ ಹಳ್ಳಿಯವರನ್ನು ಡಾಕ್ಟರು ಏಕವಚನದಲ್ಲಿ ಮಾತಾಡಿಸುತ್ತಾರೆ, ಮುಟ್ಟಿ ನೋಡುವುದಿಲ್ಲ. "ಆ ಕಡೆ ನಿಲ್ಲು, ಬಾಜು ಸರಿ" ಎಂದು ಅವರನ್ನು ಮೂವತ್ತೊಂದು ವರ್ಷ ಸರಿಸಿದವಳು ನಾನೇ. ನಮ್ಮ ಪ್ರಮಿಳಾಳನ್ನು ಯಾವಳೋ ನರ್ಸು ಹಾಗೆ ಸರಿಸಬಾರದು ಎಂದು ಹಠ ಹಿಡಿದೆ.

"ಅಕ್ಕಾರ, ಉಟ್ಟದ್ದರ ಮ್ಯಾಲೇ ಹೋಗೂಣ್ರಿ" ಅಂದಳು ಅವಳು. "ತಲಿ ಎರಕೊಂಡ್ರ ನನ್ನ ಶಕ್ತಿ ಅರ್ಧ ಅಲ್ಲೇ ಮುಗೀತದ."

"ಹಿಂಗ ಹೋದ್ರ ನಿನ್ನ ಯಾರೂ ಮಾತಾಡಸಂಗಿಲ್ಲ" ಅಂದೆ. "ಆಸ್ಪತ್ರಿ ನನಗ ಗೊತ್ತೋ ನಿನಗ ಗೊತ್ತೋ?"

ಹೋಗುವ ಹಿಂದಿನ ದಿನ ಮಲಗಿಸಿಯೇ ತಲೆ ಎರೆದೆ, ಎರಡು ಸಲ ಕಣ್ಣುಕತ್ತಲೆ ಬಂತು. ಬೆಳಿಗ್ಗೆ ಅವಳ ಮದುವೆಯ ಇಳಕಲ್ ಸೀರೆ ಉಡಿಸಿದೆ. ಬಿಗಿಯಾಗಿ ಜಡೆ ಹಾಕಿ ಶಾವಂತಿಗೆ ಮುಡಿಸಿದೆ. ಮುಖ ಬಿಳುಚಿಕೊಂಡಿತ್ತು, ಒಂದಿಷ್ಟು ಪೌಡರು ಹಚ್ಚಿ ಕುಂಕುಮ ಇಟ್ಟೆ. ಬಂಡೆಪ್ಪ ಎತ್ತಿಕೊಂಡು ಗಾಡಿಯಲ್ಲಿ ಮಲಗಿಸುವಾಗ ಓಣಿಯ ಹೆಂಗಸರು, "ಪ್ರಮಿಳಕ್ಕ ಎಷ್ಟ ಚಂದ ಕಾಣ್ತಾಳ ಇವತ್ತ" ಅಂದರು. ನನಗೆ ಹೆಮ್ಮೆಯಾಯಿತು.

ಹತ್ತು ಗಂಟೆಗೆ ತಲುಪಿದೆವು. ಸ್ಟ್ರೆಚರು ತುರ್ತು ಚಿಕಿತ್ಸೆಯವರಿಗೆ ಮಾತ್ರವಂತೆ, ನಮಗೆ ಗಾಲಿಕುರ್ಚಿ. ಒಂದೂವರೆಯವರೆಗೆ ಅವಳು ಆ ಕುರ್ಚಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ, ಟಿವಿಯ ಎದುರಿಗೆ, ನನ್ನ ಹೆಗಲ ಮೇಲೆ ತಲೆಯಿಟ್ಟು ಕೂತಳು. ಮಲಗಲು ಒಂದು ಬೆಂಚು ಕೊಡಿ ಎಂದು ನಾನು ಕೇಳಿದೆ. "ಎಲ್ಲಾರೂ ಕುಂತಾರಲ್ರೀ" ಎಂದು ನರ್ಸು ಹೇಳಿ ಹೋದಳು. ಮೆಲ್ಲಗೆ, ಮರ್ಯಾದೆಯಿಂದಲೇ ಹೇಳಿದಳು, ಯಾಕಂದರೆ ನಾವು ಮರ್ಯಾದಸ್ತರಂತೆ ಕಾಣುತ್ತಿದ್ದೆವು.

ಒಳಗೆ ಹೋದಾಗ ಡಾಕ್ಟರು ನಿಜಕ್ಕೂ ಒಳ್ಳೆಯ ರೀತಿಯಲ್ಲೇ "ಬರ್ರಿ, ಹೇಳ್ರಿ" ಅಂದರು. ಪ್ರಮಿಳಾ ನನ್ನ ಹೆಗಲಿನಿಂದ ತಲೆ ಎತ್ತಿದಳು. ನೆಟ್ಟಗೆ ಕೂತಳು, ಸೆರಗು ಸರಿಮಾಡಿಕೊಂಡಳು, ನಕ್ಕಳು. ಹದಿನಾಲ್ಕು ವರ್ಷ ಜನರ ಬಾಗಿಲಲ್ಲಿ ನಿಂತು ನಕ್ಕ ಅಭ್ಯಾಸ ಅದು. ಆಮೇಲೆ ಹದಿನೈದು ದಿನ ಕೂಡಿಟ್ಟಿದ್ದನ್ನೆಲ್ಲ ತೆಗೆದು ಅವರ ಮೇಜಿನ ಮೇಲೆ ಇಟ್ಟಳು. ಜ್ವರ ಬಂದ ದಿನದಿಂದ ಹಿಡಿದು, ತಾರೀಕು ತಾರೀಕಿಗೆ, ಒಂದೂ ತಪ್ಪದೆ, ಆರು ನಿಮಿಷ ಮಾತಾಡಿದಳು. ಯಾವತ್ತು ಮೆಟ್ಟಿಲು ಹೋಯಿತು, ಯಾವತ್ತು ಒಲೆ ಹೋಯಿತು, ಯಾವತ್ತು ಬೆಳಕು ಹೋಯಿತು. ನಾನು ಮಾಳಿಗೆಯ ಮೇಲೆ ನಡೆಸಿದ್ದನ್ನು ಮಾತ್ರ ಹೇಳಲಿಲ್ಲ. "ಮನಿಗೆ ಬಂದು ನೋಡೂ ಹಂಗ ಬರದ ಕೊಡ್ರಿ ಸರ್. ನನ್ನ ಮಗಳ ಜೋಡಿ ಮಾತಾಡೂದೊಂದ ಉಳದೈತಿ" ಎಂದು ಮುಗಿಸಿದಳು.

ಡಾಕ್ಟರು ಪೆನ್ನು ಕೆಳಗಿಟ್ಟು ಮುಗುಳ್ನಕ್ಕರು. "ಇಷ್ಟು ಚಂದ ತಯಾರಾಗಿ ಬಂದೀರಿ, ಇಷ್ಟು ಚಂದ ಮಾತಾಡಿದ್ರಿ. ಹಾಸಿಗಿ ಹಿಡದವರು ಹಿಂಗ ಇರ್ತಾರೇನ್ರಿ? ನಿಮಗ ಏನೂ ಆಗಿಲ್ಲ. ಧೈರ್ಯ ತಗೋರಿ."

ನಾನು ಬಾಯಿ ತೆಗೆದೆ. ತಲೆ ಎರೆದದ್ದು ನಾನು, ಸೀರೆ ಉಡಿಸಿದ್ದು ನಾನು, ಇದು ಇವಳು ಕೂಡಿಟ್ಟ ಹದಿನೈದು ದಿನದ ಮಾತು, ಎಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, "ಮನಿಯವರ ಅತಿ ಕಾಳಜೀನೂ ಒಮ್ಮೊಮ್ಮೆ ರೋಗ ಆಗ್ತೈತಿ" ಅಂದರು. ಮುಂದಿನವರ ಹೆಸರು ಕೂಗಿಸಿದರು.

ಕೈಗೆ ಬಂದ ಕಾಗದ ಇಂಗ್ಲಿಷಿನಲ್ಲಿತ್ತು. ನನಗೆ ಓದಲು ಬರುತ್ತದೆ, ಅದೇ ದುರ್ದೈವ. ರೋಗಿ ಅಚ್ಚುಕಟ್ಟಾಗಿ ಉಡುಪು ಧರಿಸಿದ್ದಾರೆ. ತಲೆ ಬಾಚಿ ಹೂ ಮುಡಿದಿದ್ದಾರೆ. ಆಸರೆಯಿಲ್ಲದೆ ಕೂರುತ್ತಾರೆ. ಸ್ಪಷ್ಟವಾಗಿ, ನಿರರ್ಗಳವಾಗಿ ಮಾತಾಡುತ್ತಾರೆ. ಹಾಸಿಗೆ ಹಿಡಿದವರೆನ್ನಲು ಆಧಾರವಿಲ್ಲ. ದಿನಕ್ಕೆ ಅರ್ಧ ತಾಸು ನಡಿಗೆ, ಮಾನಸಿಕ ಸಮಾಲೋಚನೆ. ಅವರು ಕಂಡು ಬರೆದದ್ದರಲ್ಲಿ ಒಂದು ಮಾತೂ ಸುಳ್ಳಿಲ್ಲ, ಮೊದಲ ಎರಡು ಸಾಲನ್ನಂತೂ ನನ್ನ ಕೈಯಾರೆ ನಾನೇ ಬರೆದುಕೊಟ್ಟಿದ್ದೆ.

ಕೊಳಕಾಗಿ ಹೋದರೆ ಮುಟ್ಟುವುದಿಲ್ಲ, ಚೊಕ್ಕಟವಾಗಿ ಹೋದರೆ ನಂಬುವುದಿಲ್ಲ. ಇದರ ನಡುವೆ ರೋಗಿಷ್ಟೆಯಾಗಿ ಹೇಗೆ ಹೋಗಬೇಕೆಂದು ಆ ಡಾಕ್ಟರನ್ನು ಕೇಳಬೇಕಿತ್ತು. ಕೇಳಲಿಲ್ಲ, ಯಾಕಂದರೆ ಪ್ರಮಿಳಾ ಕುರ್ಚಿಯಿಂದ ಜಾರುತ್ತಿದ್ದಳು. ಗಾಡಿಯಲ್ಲಿ ಮಲಗಿಸಿದಾಗ ನನ್ನ ಕೈ ಹಿಡಿದು, "ಅಕ್ಕಾರ, ಹೂ ತಗೀರಿ, ತಲಿ ಭಾರ ಆಗೈತಿ" ಅಂದಳು. ಅದೇ ಅವಳ ಕೊನೆಯ ಮಾತು. ಸತ್ತಳೆಂದಲ್ಲ. ಬದುಕಿದ್ದಾಳೆ. ಖಾನಾಪುರ ಬಂದು ಮನೆಯೊಳಗೆ ಮಲಗಿಸಿದ ಮೇಲೆ ಅವಳ ಗಂಟಲಿನಿಂದ ದನಿ ಬರಲಿಲ್ಲ. ನಾಳೆ ಬಂದೀತು, ಬರುವ ವಾರ ಬಂದೀತು ಎಂದು ಕಾದೆವು. ನುಂಗುವುದೂ ಕಷ್ಟವಾಗಿ ಊಟ ಚಮಚೆಯಲ್ಲಿ ಕುಡಿಸುವ ಗಂಜಿಗೆ ಇಳಿಯಿತು. ಸೃಷ್ಟಿ ಬಂದು ನೋಡಿದಳು, ಆ ಕಾಗದ ಓದಿದಳು, ಕಣ್ಣೊರೆಸಿಕೊಂಡಳು. ಈಗ ವಾರಕ್ಕೆರಡು ಸಲ ತಾನೇ ಬರುತ್ತಾಳೆ, ಯಾವ ಪಟ್ಟಿಯೂ ಇಲ್ಲದೆ.

ನಾನು ಹಿಂದವಾಡಿಯ ಮನೆಗೆ ಬೀಗ ಹಾಕಿ ಖಾನಾಪುರದಲ್ಲೇ ಉಳಿದೆ. ಚಮಚೆ ಕೆಳಗೆ ಬಿದ್ದ ಸದ್ದಿಗೂ ಪ್ರಮಿಳಾ ದಿನವಿಡೀ ಸಂಕಟಪಡುತ್ತಾಳೆ. ಹಾಗಾಗಿ ವಾರ್ಡು ನಡುಗಿಸುತ್ತಿದ್ದ ನಾನು ಆ ಮನೆಯಲ್ಲಿ ಪಿಸುಗುಟ್ಟುತ್ತೇನೆ. ಸಾಕ್ಷಿ ಈಗಲೂ ಸಂಜೆ ಹಾಸಿಗೆಯ ಬದಿಗೆ ಕಾಲು ತಾಸು ಕೂರುತ್ತಾಳೆ, ಇಬ್ಬರೂ ಸುಮ್ಮನೆ.

ಆರು ತಿಂಗಳಾದ ಮೇಲೆ, ಹೋದ ತಿಂಗಳು, ಫೋನು ಬಂತು. ಆ ಆಸ್ಪತ್ರೆಯದೇ. ಬಂದುಹೋದ ರೋಗಿಗಳು ಹೇಗಿದ್ದಾರೆ ಎಂದು ವಿಚಾರಿಸುವ ಹೊಸ ಪದ್ಧತಿಯಂತೆ.

"ನಾನು ಗಂಡನ ಅಕ್ಕ. ಆಕಿಗೆ ಮಾತಾಡಾಕ ಆಗಂಗಿಲ್ಲ" ಎಂದು ಪಿಸುಗುಟ್ಟಿದೆ.

"ಪೇಷಂಟ್ ಜೋಡಿನ ಮಾತಾಡಬೇಕಂತ ರೂಲ್ ಐತ್ರಿ. ಒಂದ ನಿಮಿಷ ಕೊಡ್ರಿ."

ಕೇಳಲಿ, ಅಂದುಕೊಂಡೆ. ತಾವು ಏನು ಮಾಡಿದ್ದೇವೆಂದು ಒಂದು ಸಲ ಇವರ ಕಿವಿಗೇ ಬೀಳಲಿ. ಸ್ಪೀಕರ್ ಹಚ್ಚಿ, ಅದರ ದನಿ ತಗ್ಗಿಸಿ, ಫೋನನ್ನು ಪ್ರಮಿಳಾಳ ದಿಂಬಿನ ಮೇಲಿಟ್ಟೆ.

"ಮೇಡಂ, ಏನರ ತ್ರಾಸ ಐತೇನ್ರಿ?" ಎಂದಿತು ಫೋನು. ಪ್ರಮಿಳಾ ಕಣ್ಣು ತೆರೆದಳು. ತುಟಿ ಅಲುಗಿತು. ಆರು ತಿಂಗಳಲ್ಲಿ ಮೊದಲ ಸಲ ಅವಳು ಹೇಳಲು ಪ್ರಯತ್ನ ಮಾಡುವುದನ್ನು ನೋಡಿದೆ. ಕುತ್ತಿಗೆಯ ನರ ಬಿಗಿದವು, ಬಾಯಿ ತೆರೆಯಿತು, ಉಸಿರು ಬಂತು. ದನಿ ಬರಲಿಲ್ಲ. "ನೋವು, ಸಂಕಟ ಏನಾದ್ರೂ?" ಎಂದಿತು ಫೋನು. ಮತ್ತೆ ಬಾಯಿ ತೆರೆಯಿತು. "ಹಂಗಾರ ಏನೂ ತಕರಾರು ಇಲ್ಲಲ್ರೀ? ಆರಾಮ ಅದಾರ ಅಂತ ಬರಕೊಂತೀನಿ. ಥ್ಯಾಂಕ್ಯೂ ಮೇಡಂ." ಕಟ್ ಆಯಿತು.

ನನ್ನ ಗಂಟಲಲ್ಲಿ ಮೂವತ್ತೊಂದು ವರ್ಷದ ಬೈಗುಳವಿತ್ತು. ಆ ಕೋಣೆಯಲ್ಲಿ ಒಂದನ್ನೂ ಬಿಡುವಂತಿರಲಿಲ್ಲ. ಸಾಕ್ಷಿ ಆಗಷ್ಟೇ ಸಾಲಿಯಿಂದ ಬಂದು, ಕೈಕಾಲು ತೊಳೆದು, ಬಾಗಿಲಲ್ಲಿ ನಿಂತಿದ್ದಳು.

"ಯಾರ್ದು ಫೋನು, ಅತ್ತಿ?" ಎಂದು ಪಿಸುಮಾತಿನಲ್ಲಿ ಕೇಳಿದಳು.

"ಆಸ್ಪತ್ರಿದು" ಅಂದೆ. "ನಿಮ್ಮವ್ವ ಆರಾಮ ಅದಾಳಂತ."